ಏಳನ್ನು ದಾಟಿದ ಸಂಖ್ಯೆ

12-11-1987, ಗುರುವಾರ, ಕಬ್ಬೂರ

38,16,54,729. ಎಂಟು ದಿನದಿಂದ ಈ ಸಂಖ್ಯೆ ತಲೆ ಬಿಟ್ಟು ಹೋಗುತ್ತಿಲ್ಲ. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಒಂದೊಂದೇ ಸಲ ಬಂದಿವೆ. ಮೊದಲ ಎರಡು ಅಂಕಿ ಎರಡರಿಂದ, ಮೊದಲ ಮೂರು ಮೂರರಿಂದ, ಹೀಗೆ ಒಂಬತ್ತರವರೆಗೂ ಶೇಷವಿಲ್ಲದೆ ಭಾಗವಾಗುತ್ತವೆ.

ಐದು ನಟ್ಟನಡುವೆಯೇ ಕೂರಬೇಕು, ಅದರ ಕಾರಣ ಗೊತ್ತು. ಉಳಿದ ನಿಯಮಗಳನ್ನೆಲ್ಲ ಹಚ್ಚಿದಾಗ ಹತ್ತು ಸಂಖ್ಯೆ ಉಳಿದವು. ಏಳರ ಭಾಗಾಕಾರ ಆ ಹತ್ತರಲ್ಲಿ ಒಂಬತ್ತನ್ನು ಕೆಡವಿತು, ಇದೊಂದೇ ದಾಟಿತು. ಯಾಕೆ ಒಂದೇ? ಎರಡು ಉಳಿಯಬಹುದಿತ್ತು, ಒಂದೂ ಉಳಿಯದಿರಬಹುದಿತ್ತು. ಶಾಲೆಯ ಮಕ್ಕಳಿಗೆ ಭಾಗಿಸಿ ತೋರಿಸಬಲ್ಲೆ, ಕಾರಣ ಹೇಳಲಾರೆ.

ಅವ್ವ ಆಡು ಕಟ್ಟಿ ಬಂದು ಹಾಳೆ ನೋಡಿದಳು. "ಬರದದ್ದೆಲ್ಲಾ ಯಾಕ ಹೊಡದ ಹಾಕಿದಿ?"

"ಹತ್ತರಾಗ ಒಂದ ಉಳದೈತಿ ಬೇ. ಯಾಕ ಅಂತ ತಿಳೀವಲ್ದು."

ಅವಳು ಕೆಂಪು ಗೆರೆಗಳ ಮೇಲೆ ಬೆರಳಾಡಿಸಿದಳು. "ನಿನಗಿಂತ ಮೊದಲ ನಾಕ ಹಡದಿದ್ದೆ. ನೀ ಒಬ್ಬವನ ಯಾಕ ಉಳದಿ ಅಂತ ನನಗೂ ಯಾರೂ ಹೇಳಿಲ್ಲ, ಯಪ್ಪಾ."

ಅವಳು ಮಲಗಿದ ಮೇಲೆ, ಕೆಂಪು ಗೆರೆ ಎಳೆದಿದ್ದ ಒಂಬತ್ತನ್ನೂ ಮತ್ತೆ ಓದಿದೆ. ಅದರಲ್ಲೊಂದು 18,36,54,729. ಒಂದು, ಮೂರು ಜಾಗ ಬದಲಿಸಿಕೊಂಡಿದ್ದರೆ ಇದೇ ಉಳಿದುಕೊಳ್ಳುತ್ತಿತ್ತು.

ಆ ನಾಲ್ವರ ಹೆಸರನ್ನು ನಾನು ಇದುವರೆಗೆ ಕೇಳಿಲ್ಲ. ಹೆಸರು ಇಟ್ಟಿದ್ದರೋ ಇಲ್ಲವೋ, ಅದೂ ಗೊತ್ತಿಲ್ಲ.