ಏರೋಪ್ಲೇನ್ ಚಿಟ್ಟೆಯ ಮರಿಗಳು

ಹುಳಿಮಾವು,
ಮಂಗಳವಾರ

ಚಿಕ್ಕಬೈರಪ್ಪ ಅಂಕಲ್ ಅವರಿಗೆ,

ನಮಸ್ಕಾರ. ರಮ್ಯಳ ಪ್ಲೇಟ್‌ಲೆಟ್ ಇನ್ನೂ ಇಳಿಯುತ್ತಲೇ ಇದೆ ಎಂದು ಆಂಟಿ ಹೇಳಿದರು. ನೀವು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೆ ಆಸ್ಪತ್ರೆಗೆ ಊಟ ತರುವ ಆಂಟಿಯ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ನನ್ನ ತಾವರೆ ತೊಟ್ಟಿಗೆ ನೀವು ಫಿನಾಯಿಲ್ ಸುರಿದದ್ದಕ್ಕೆ ನಾನು ಏನೂ ಅನ್ನುವುದಿಲ್ಲ. "ನಿನ್ನ ಹುಳದಿಂದ್ಲೇ ನನ್ ಮೊಮ್ಮಗಳಿಗೆ ಡೆಂಗ್ಯೂ ಬಂದಿದ್ದು, ಮನೆ ಖಾಲಿ ಮಾಡು" ಅಂದಿರಿ. ಸತ್ತದ್ದು ಏರೋಪ್ಲೇನ್ ಚಿಟ್ಟೆಯ ಮರಿಗಳು, ಅಂಕಲ್. ಅವು ತಳದಲ್ಲಿ ಆರು ಕಾಲೂರಿ ನಡೆಯುತ್ತವೆ, ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತವೆ. ಸೊಳ್ಳೆಮರಿಗೆ ಕಾಲಿಲ್ಲ, ಅದು ನೀರಿನ ಮೇಲ್ಭಾಗದಲ್ಲಿ ತಲೆಕೆಳಗಾಗಿ ನೇತಾಡುತ್ತದೆ. ರಮ್ಯಳನ್ನೇ ಕೇಳಿ, ಅವಳಿಗೆ ಗೊತ್ತು.

ಹಾಗೆ ನೇತಾಡುವವು ಟೆರೇಸಿನಲ್ಲಿ, ನೀವು ಗಣಪತಿ ಬಿಟ್ಟ ಡ್ರಮ್ಮಿನಲ್ಲಿ ತುಂಬಿವೆ. ದೇವರ ನೀರನ್ನು ತುಳಿಯುವ ಕಡೆ ಚೆಲ್ಲಬಾರದೆಂದು ಹಬ್ಬದಿಂದಲೂ ಹಾಗೇ ಇಟ್ಟಿದ್ದೀರಿ. ರಮ್ಯ ಓದಲು ಕೂರುತ್ತಿದ್ದದ್ದು ಅದರ ಪಕ್ಕದಲ್ಲೇ. ಅವಳ ತಂಗಿ ಈಗಲೂ ಅಲ್ಲೇ ಆಡುತ್ತಿದ್ದಾಳೆ.

ಆಂಟಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಬೆಳಿಗ್ಗೆ ನಾನೇ ಬಕೆಟ್ ಹಿಡಿದು ಹತ್ತಿದ್ದೆ, ಡ್ರಮ್ಮನ್ನು ಮುಟ್ಟದೆ ಹಾಗೇ ಇಳಿದು ಬಂದೆ. ನಮ್ಮ ಗೋಡೆಯ ಮೇಲೆ ಬುದ್ಧನ ಫೋಟೊ ನೋಡಿದಂದಿನಿಂದ ನೀವು ಪ್ರಸಾದವನ್ನೂ ನನ್ನ ಕೈಗೆ ಕೊಟ್ಟಿಲ್ಲ, ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗುತ್ತೀರಿ.

ಆ ನೀರನ್ನು ತೆಂಗಿನ ಬುಡಕ್ಕೇ ಹಾಕುತ್ತೇನೆ, ಯಾರೂ ತುಳಿಯುವುದಿಲ್ಲ. "ಮುಟ್ಟಮ್ಮ, ಪರವಾಗಿಲ್ಲ" ಎಂದು ಆಂಟಿಯ ಕೈಲಿ ಒಂದು ಮಾತು ಹೇಳಿ ಕಳಿಸಿ. ಬಕೆಟ್ ಮೆಟ್ಟಿಲ ಹತ್ತಿರವೇ ಇದೆ.

ಇತಿ,
ಕೆಳಮನೆಯ ಸಂಘಮಿತ್ರಾ