ಲೋಸಾಲಿನಿ ಅಜ್ಜಿಯ ಮಾಡು

ಅಪೆನಿಸಾ,

ಈ ಪತ್ರವನ್ನು ಕಳಿಸುವುದಿಲ್ಲ. ಆದರೆ ಇವತ್ತು ನಡೆದದ್ದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳುವ ಹಾಗಿಲ್ಲ.

ಚಂಡಮಾರುತ ಕಿತ್ತುಕೊಂಡು ಹೋದ ಮಾಡುಗಳಿಗೆ ನಮ್ಮ ಗುಂಪು ಇನ್ನೂ ತಗಡು ಹೊದಿಸುತ್ತಿದೆ. ಇವತ್ತು ಲೋಸಾಲಿನಿ ಅಜ್ಜಿಯ ಸರದಿ. ನಾವು ಏಣಿ ಹೊತ್ತು ಹೋದರೆ ಅವರು ಬಾಗಿಲಿಗೆ ಅಡ್ಡ ನಿಂತರು.

"ನಂದೇನು ಅವಸರ ಇಲ್ಲ ಮಕ್ಕಳಾ, ಮಾಡು ಗಟ್ಟಿಯಾಗೇ ಇದೆ. ಬೇರೆಯವರದ್ದು ನೋಡಿ."

ಅವರ ಹಿಂದೆ, ಮನೆಯೊಳಗಿನ ಚಾಪೆಯ ಮೇಲೆ ಕಿತ್ತುಹೋದ ಮಾಡಿನಿಂದ ಬಿಸಿಲು ಬಿದ್ದಿತ್ತು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಕೆಲಸಕ್ಕೆ ಬಂದ ಎಂಟು ಜನಕ್ಕೆ ಬಡಿಸಲು ಅವರ ಬಳಿ ಏನೂ ಇಲ್ಲವೆಂದು ನಮಗೆಲ್ಲ ಗೊತ್ತಿತ್ತು.

"ಬೇಡ ಅಂದ್ರೆ ಬಿಡಿ," ಎಂದ ಇಸಿರೇಲಿ. "ಮುಂದಿನ ಮನೇಲಿ ಕೋಳಿ ಕುಯ್ದಿದಾರಂತೆ, ನಡೀರಿ."

ಈ ಕೆಲಸ ಶುರುಮಾಡುವ ಮುಂಚೆ ನಮ್ಮ ಗುಂಪಿನ ಸಭೆಯಲ್ಲಿ ನೀನು ಹೇಳಿದ್ದೆ, "ಕೆಲಸ ಮಾಡೋ ಮನೇಲಿ ಊಟ ಬೇಡ. ನಮ್ಮ ಮರಗೆಣಸು ನಾವೇ ಕಟ್ಕೊಂಡು ಹೋಗೋಣ."

"ಊಟ ಬೇಡ ಅನ್ನೋದು ಮನೆಯವರಿಗೆ ಅವಮಾನ ಕಣೋ. ಸುವಾ ಪಟ್ಟಣದಲ್ಲಿ ಎರಡು ವರ್ಷ ಇದ್ದು ಇದನ್ನಾ ಕಲ್ತಿದ್ದು?" ಎಂದು ಇಸಿರೇಲಿ ಎಲ್ಲರನ್ನೂ ನಗಿಸಿದ. ಆಮೇಲೆ ಕೇಳಿದ, "ಇನ್ಯಾರಿಗಾದ್ರೂ ಹಾಗೇ ಅನ್ಸುತ್ತಾ?"

ನೀನು ನನ್ನ ಕಡೆ ನೋಡಿದೆ. ಹಿಂದಿನ ದಿನ ನಿನ್ನ ಮಾತಿಗೆ ಹೂಂ ಅಂದಿದ್ದವನು ನಾನೊಬ್ಬನೇ. ನಾನು ಚಾಪೆಯ ಅಂಚಿನ ಎಳೆ ಕೀಳುತ್ತ ಕೂತಿದ್ದೆ. ಆ ವಾರದ ದೋಣಿಯಲ್ಲೇ ನೀನು ಊರು ಬಿಟ್ಟು ಹೊರಟುಹೋದೆ.

ಇವತ್ತು ಅಜ್ಜಿಯನ್ನು ಬಿಟ್ಟು ನಾವು ಹೋದ ಮುಂದಿನ ಮನೆಯಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೋಳಿ ಇತ್ತು. "ನಾಚ್ಕೋಬೇಡಪ್ಪಾ, ಹಾಕಿಸ್ಕೋ," ಎಂದರು ಆ ಮನೆಯಾಕೆ.

ನಾನು ಎರಡು ಸಲ ಹಾಕಿಸಿಕೊಂಡೆ.