ಒಂದು ಕೈಗೆ ಸಿಗದ ಆಟ

ಹಗರಿಬೊಮ್ಮನಹಳ್ಳಿ, ೧೯ ನವೆಂಬರ್ ೨೦೦೨, ಮಂಗಳವಾರ

ಗಂಗಕ್ಕ ಉಣ್ಣದೆ ಮಲಗಿದ್ದಾಳೆ. ತಪ್ಪು ನನ್ನದೇ.

ಸಂಜೆ ಚಿಕ್ಕಪ್ಪನ ಮಗ ಸೋಮಶೇಖರ ಹೊಸ ವಿಡಿಯೊ ಗೇಮ್ ತಂದಿದ್ದ. "ಚಿತ್ರ ನೋಡಕ್ಕಾ, ಥೇಟ್ ಸಿನಿಮಾ ಇದ್ದಂಗ ಐತಿ!" ಎಂದ. ಇರಬಹುದು. ಆದರೆ ಆಟದೊಳಗಿನ ಗೊಂಬೆಯನ್ನು ಓಡಿಸಲು ಎಡಗೈ, ಹಾರಿಸಲು ಬಲಗೈ ಬೇಕು. ಅಕ್ಕನ ಬಲಗೈ ಹೋದ ವರ್ಷ ಶೇಂಗಾ ಮಿಲ್ಲಿನ ಬೆಲ್ಟಿಗೆ ಹೋಯಿತು. ಅದಕ್ಕೂ ಮೊದಲು ನಮ್ಮಿಬ್ಬರನ್ನೂ ಸೋಲಿಸುತ್ತಿದ್ದವಳು ಅವಳೇ.

ಗೇಮಿನ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದ ಬಲ ಮೊಣಕೈಯಿಂದ ಹಾರಿಸುವ ಬಟನ್ ಒತ್ತಿದಳು. ಮೂರು ಸಲವೂ ಗೊಂಬೆ ಹಳ್ಳಕ್ಕೆ ಬಿತ್ತು.

"ಇದನ್ನ ಮಾಡಿದವ್ರು ನನ್ನಂಥವ್ರನ್ನ ನೋಡೇ ಇಲ್ಲೇನಲೇ ತಮ್ಮಾ?"

ಚಿತ್ರ ಇನ್ನೆಷ್ಟು ಚಂದ ಮಾಡುತ್ತಾರೆ? ಒಂದೇ ಕೈಗೆ ಎಟುಕುವಂತೆ ಮುಂದಾದರೂ ಯಾರಾದರೂ ಮಾಡಬಾರದೇ?

ನಾಲ್ಕನೇ ಸಲ ಅವಳು ಓಡಿಸಿದಳು, ಹಾರಿಸುವ ಬಟನ್ ನಾನು ಒತ್ತಿದೆ. ಗೊಂಬೆ ಹಳ್ಳ ದಾಟಿತು. ಸೋಮಶೇಖರ ಚಪ್ಪಾಳೆ ತಟ್ಟಿದ.

"ದಾಟಿದವ ನೀನು," ಎಂದು ಅಕ್ಕ ಎದ್ದು ಒಳಗೆ ಹೋದಳು.